ಯೂಜೀನ್ ಡೆಬ್ಸ್: ಸೆರೆಮನೆಯಿಂದ ಚುನಾವಣೆಗೆ ನಿಂತ ಕಾರ್ಮಿಕ ನಾಯಕ

ಅಮೆರಿಕದಲ್ಲಿ ನೆಲಸಿರುವ ಕನ್ನಡಿಗರಿಗೆ ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರ ‘ಲೇಬರ್ ಡೇ’ ರಜೆ. ಅದನ್ನು ರಾಷ್ಟ್ರೀಯ ರಜೆಯಾಗಿಸುವ ಮಸೂದೆಗೆ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಸಹಿ ಹಾಕಿದ್ದು 1894ರ ಜೂನ್ 28ರಂದು. ಅದಾದ ಒಂದು ವಾರದೊಳಗೆ ಅದೇ ಅಧ್ಯಕ್ಷರು, ರೈಲ್ವೆ ಕಾರ್ಮಿಕರ ಮುಷ್ಕರವನ್ನು ಮುರಿಯಲು ಶಿಕಾಗೋ ನಗರಕ್ಕೆ ಸೈನ್ಯ ಕಳುಹಿಸಿದರು. ಆ ಮುಷ್ಕರದ ಮುಂದಾಳು ಯೂಜೀನ್ ವಿಕ್ಟರ್ ಡೆಬ್ಸ್. ಅಮೆರಿಕದ ಕೈಗಾರಿಕಾ ಯುಗವೆಂದರೆ ಕಾರ್ನೆಗಿ, ರಾಕ್‌ಫೆಲ್ಲರ್, ಮಾರ್ಗನ್ ಮೊದಲಾದ ಸಿರಿವಂತರ ಹೆಸರುಗಳೇ ನಮಗೆ ನೆನಪಾಗುತ್ತವೆ. ಅವರ ಕಾಲವನ್ನು ದುಡಿಯುವವರ ಕಡೆಯಿಂದಲೂ ಕಾಣಬೇಕೆಂಬ ಉದ್ದೇಶದಿಂದ ನಾನು ಡೆಬ್ಸ್ ಅವರ ಜೀವನವನ್ನು ಇಲ್ಲಿ ಆಯ್ದುಕೊಂಡಿದ್ದೇನೆ.

ಡೆಬ್ಸ್ ಹುಟ್ಟಿದ್ದು 1855ರ ನವೆಂಬರ್ 5ರಂದು, ಇಂಡಿಯಾನಾ ರಾಜ್ಯದ ಟೆರ ಹೋಟ್ ಎಂಬ ಊರಿನಲ್ಲಿ. ತಂದೆತಾಯಿಗಳು ಫ್ರಾನ್ಸಿನ ಅಲ್ಸೇಸ್ ಪ್ರಾಂತದಿಂದ ವಲಸೆ ಬಂದವರು. ಜೀವನಕ್ಕೆ ದಿನಸಿ ಅಂಗಡಿ ಇಟ್ಟುಕೊಂಡಿದ್ದರು. ಯೂಜೀನ್ ಸೂ ಮತ್ತು ವಿಕ್ಟರ್ ಹ್ಯೂಗೋ ಎಂಬ ಇಬ್ಬರು ಫ್ರೆಂಚ್ ಕಾದಂಬರಿಕಾರರ ಹೆಸರುಗಳನ್ನು ಕೂಡಿಸಿ ಮಗನಿಗೆ ಇಟ್ಟರು. ಹುಡುಗ 14ನೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು, ರೈಲ್ವೆ ಕಾರ್ಯಾಗಾರದಲ್ಲಿ ಎಂಜಿನ್‌ಗಳ ಹಳೆಯ ಬಣ್ಣ ಕೆರೆಯುವ ಕೆಲಸಕ್ಕೆ ಸೇರಿದ. ಮುಂದೆ ಎಂಜಿನ್ನಿನ ಒಲೆಗೆ ಇಂಧನ ತುಂಬುವ ಫೈರ್‌ಮನ್ ಆದ. ಆ ಕಾಲದಲ್ಲಿ ರೈಲ್ವೆ ಕೆಲಸವೆಂದರೆ ಕೈಕಾಲು, ಪ್ರಾಣಗಳನ್ನು ಪಣವಿಟ್ಟಂತೆ. ಕೆಲವೇ ವರ್ಷಗಳಲ್ಲಿ ಆ ಕೆಲಸ ಬಿಟ್ಟರೂ, 1875ರಲ್ಲಿ ಫೈರ್‌ಮನ್ನರ ಸಂಘಕ್ಕೆ ಸೇರಿದ ಡೆಬ್ಸ್ ಅದರ ಪತ್ರಿಕೆಯ ಸಂಪಾದಕರಾಗಿ, ಕಾರ್ಯದರ್ಶಿ ಹಾಗೂ ಖಜಾಂಚಿಯಾಗಿ ಬೆಳೆದರು. ಇಂಡಿಯಾನಾ ಶಾಸನಸಭೆಗೂ ಒಂದು ಅವಧಿಗೆ ಆಯ್ಕೆಯಾದರು.

ಆರಂಭದಲ್ಲಿ ಅವರು ಉಗ್ರವಾದಿಯಾಗಿರಲಿಲ್ಲ. ಮಾಲೀಕರೂ ಕಾರ್ಮಿಕರೂ ಸೌಹಾರ್ದದಿಂದ ಬಾಳಬಹುದೆಂದು ನಂಬಿದ್ದರು, ಮುಷ್ಕರಗಳನ್ನು ಒಪ್ಪುತ್ತಿರಲಿಲ್ಲ. ಆ ನಂಬಿಕೆಯನ್ನು ಅಲುಗಾಡಿಸಿದ್ದು ಅನುಭವ. ಎಂಜಿನ್ ಚಾಲಕರಿಗೊಂದು, ಫೈರ್‌ಮನ್ನರಿಗೊಂದು, ಕಂಡಕ್ಟರುಗಳಿಗೊಂದು ಸಂಘವಿದ್ದುದರಿಂದ ಒಬ್ಬರು ಕೆಲಸ ನಿಲ್ಲಿಸಿದರೆ ಇನ್ನೊಬ್ಬರು ರೈಲು ಓಡಿಸುತ್ತಿದ್ದರು. 1888ರ ಬರ್ಲಿಂಗ್‌ಟನ್ ರೈಲ್ವೆ ಮುಷ್ಕರದ ಸೋಲು ಈ ದೌರ್ಬಲ್ಯವನ್ನು ಬಯಲು ಮಾಡಿತು. ಆದ್ದರಿಂದ 1893ರಲ್ಲಿ ಡೆಬ್ಸ್ ಎಲ್ಲ ಬಗೆಯ ರೈಲ್ವೆ ಕೆಲಸಗಾರರನ್ನೂ ಒಳಗೊಳ್ಳುವ ಅಮೆರಿಕನ್ ರೈಲ್ವೆ ಯೂನಿಯನ್ ಕಟ್ಟಿದರು. ಮರುವರ್ಷದ ವಸಂತದಲ್ಲಿ ಈ ಸಂಘ ಗ್ರೇಟ್ ನಾರ್ದರ್ನ್ ರೈಲ್ವೆಯ ವಿರುದ್ಧ 18 ದಿನಗಳ ಮುಷ್ಕರ ನಡೆಸಿ ಗೆದ್ದಿತು. ಸದಸ್ಯರು ಸಾವಿರಗಟ್ಟಲೆ ಬಂದು ಸೇರಿದರು.

ಆ ಗೆಲುವಿನ ಬೆನ್ನಿಗೇ ಪುಲ್‌ಮನ್ ಪ್ರಕರಣ ಬಂದಿತು. ರೈಲಿನ ಸ್ಲೀಪರ್ ಬೋಗಿಗಳನ್ನು ತಯಾರಿಸುತ್ತಿದ್ದ ಜಾರ್ಜ್ ಪುಲ್‌ಮನ್, ಶಿಕಾಗೋದ ದಕ್ಷಿಣಕ್ಕೆ ತನ್ನ ಕೆಲಸಗಾರರಿಗಾಗಿ ಒಂದು ಪಟ್ಟಣವನ್ನೇ ಕಟ್ಟಿದ್ದ. ಮನೆ, ಅಂಗಡಿ, ಗ್ರಂಥಾಲಯ, ಚರ್ಚು ಎಲ್ಲವೂ ಕಂಪನಿಯವೇ. 1893ರ ಆರ್ಥಿಕ ಕುಸಿತದಲ್ಲಿ ಕಂಪನಿ ಕೂಲಿಯನ್ನು ಸರಾಸರಿ ಕಾಲು ಭಾಗದಷ್ಟು ಇಳಿಸಿತು. ಮನೆ ಬಾಡಿಗೆಯನ್ನು ಮಾತ್ರ ಇಳಿಸಲಿಲ್ಲ. ಕೆಲಸ ಕೊಡುವವನೇ ನೆಲೆಯನ್ನೂ ಕೊಟ್ಟರೆ ಪ್ರತಿಭಟನೆಯ ಬೆಲೆ ಎಷ್ಟಾಗುತ್ತದೆಂಬುದನ್ನು, ಉದ್ಯೋಗಕ್ಕೆ ಕಟ್ಟುಬಿದ್ದ ವೀಸಾದ ಮೇಲೆ ಬದುಕುತ್ತಿರುವ ನಮ್ಮ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1894ರ ಮೇ 11ರಂದು ಕಾರ್ಮಿಕರು ಮುಷ್ಕರ ಹೂಡಿದರು. ಡೆಬ್ಸ್ ಎಚ್ಚರಿಕೆಯ ಮಾತು ಹೇಳಿದರೂ, ಸಂಘದ ಅಧಿವೇಶನ ಪುಲ್‌ಮನ್ ಬೋಗಿಗಳಿರುವ ರೈಲುಗಳನ್ನು ಬಹಿಷ್ಕರಿಸಲು ತೀರ್ಮಾನಿಸಿತು. ಶಿಕಾಗೋದಿಂದ ಪಶ್ಚಿಮದ ರೈಲು ಸಂಚಾರ ಬಹುಮಟ್ಟಿಗೆ ನಿಂತಿತು. ರೈಲ್ವೆ ಕಂಪನಿಗಳ ವಕೀಲರಾಗಿದ್ದು ಆಗ ಅಟಾರ್ನಿ ಜನರಲ್ ಆಗಿದ್ದ ರಿಚರ್ಡ್ ಓಲ್ನಿ, ಅಂಚೆಗೂ ವ್ಯಾಪಾರಕ್ಕೂ ಅಡ್ಡಿಯಾಯಿತೆಂಬ ನೆಲೆಯಲ್ಲಿ ನ್ಯಾಯಾಲಯದಿಂದ ತಡೆಯಾಜ್ಞೆ ತರಿಸಿದರು. ರಾಜ್ಯಪಾಲ ಆಲ್ಟ್‌ಗೆಲ್ಡ್ ವಿರೋಧಿಸಿದರೂ ಸೈನ್ಯ ಬಂದಿತು, ಗಲಭೆ, ಗೋಲಿಬಾರುಗಳಲ್ಲಿ ಹಲವರು ಸತ್ತರು, ಮುಷ್ಕರ ಮುರಿಯಿತು. ತಡೆಯಾಜ್ಞೆ ಮೀರಿದ್ದಕ್ಕಾಗಿ ಡೆಬ್ಸ್ ಅವರಿಗೆ ಆರು ತಿಂಗಳ ಸೆರೆವಾಸ. 1895ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಅದನ್ನು ಎತ್ತಿಹಿಡಿಯಿತು.

ಈ ಸೋಲಿಗೆ ಸರ್ಕಾರವೊಂದೇ ಕಾರಣವೆಂದು ನಾನು ಭಾವಿಸುವುದಿಲ್ಲ. ಅದೇ ಅಧಿವೇಶನದಲ್ಲಿ ಕಪ್ಪು ಜನಾಂಗದ ಕೆಲಸಗಾರರನ್ನು ಸಂಘಕ್ಕೆ ಸೇರಿಸಿಕೊಳ್ಳಬೇಕೆಂದು ಡೆಬ್ಸ್ ವಾದಿಸಿದ್ದರು. ಪ್ರತಿನಿಧಿಗಳು ಅಲ್ಪ ಬಹುಮತದಿಂದ ಅದನ್ನು ತಳ್ಳಿಹಾಕಿದರು. ಪುಲ್‌ಮನ್ ಬೋಗಿಗಳಲ್ಲಿ ಪೋರ್ಟರುಗಳಾಗಿ ದುಡಿಯುತ್ತಿದ್ದವರು ಬಹುತೇಕ ಕಪ್ಪು ಜನರೇ. ಎಲ್ಲರನ್ನೂ ಒಂದುಗೂಡಿಸಲು ಹುಟ್ಟಿದ ಸಂಘ ಅವರನ್ನೇ ಹೊರಗಿಟ್ಟಿತು.

ಸೆರೆಮನೆಯ ಓದು, ಅದಕ್ಕಿಂತ ಮಿಗಿಲಾಗಿ ಸರ್ಕಾರವೂ ಕಂಪನಿಗಳೂ ಒಂದಾಗಿ ನಿಂತ ದೃಶ್ಯ, ಡೆಬ್ಸ್ ಅವರನ್ನು ಸಮಾಜವಾದದ ಕಡೆಗೆ ಒಯ್ದವು. 1900ರಿಂದ ಐದು ಬಾರಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದರು. 1908ರಲ್ಲಿ ‘ರೆಡ್ ಸ್ಪೆಷಲ್’ ಎಂಬ ರೈಲಿನಲ್ಲಿ ದೇಶ ಸುತ್ತಿದರು. 1912ರಲ್ಲಿ ಸುಮಾರು 9 ಲಕ್ಷ, ಅಂದರೆ ಶೇಕಡಾ 6ರಷ್ಟು ಮತಗಳು ಬಂದವು.

1918ರ ಜೂನ್ 16ರಂದು ಒಹಾಯೊದ ಕ್ಯಾಂಟನ್ ನಗರದಲ್ಲಿ ಯುದ್ಧವನ್ನು ಖಂಡಿಸಿ ಮಾಡಿದ ಭಾಷಣಕ್ಕಾಗಿ ಅವರನ್ನು ಎಸ್ಪಿಯೊನೇಜ್ ಕಾಯಿದೆಯಡಿ ಬಂಧಿಸಲಾಯಿತು. ಡೆಬ್ಸ್ ಆಡಿದ ಮಾತನ್ನು ಅಲ್ಲಗಳೆಯಲಿಲ್ಲ, ಕರುಣೆ ಬೇಡಲಿಲ್ಲ. ನಾಲ್ಕು ವರ್ಷಗಳ ಬಳಿಕ ಅಹಮದಾಬಾದಿನ ನ್ಯಾಯಾಲಯದಲ್ಲಿ ಗಾಂಧೀಜಿ ತಳೆದ ನಿಲುವನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ಶಿಕ್ಷೆ ಹತ್ತು ವರ್ಷ. 1920ರಲ್ಲಿ ಅಟ್ಲಾಂಟಾ ಸೆರೆಮನೆಯ 9653ನೆಯ ಕೈದಿಯಾಗಿದ್ದುಕೊಂಡೇ ಚುನಾವಣೆಗೆ ನಿಂತು ಮತ್ತೆ 9 ಲಕ್ಷಕ್ಕೂ ಮಿಕ್ಕಿ ಮತ ಪಡೆದರು. ಅಧ್ಯಕ್ಷ ವಿಲ್ಸನ್ ಕ್ಷಮೆ ನಿರಾಕರಿಸಿದರು. ಅವರ ನಂತರ ಬಂದ ಹಾರ್ಡಿಂಗ್ 1921ರ ಕ್ರಿಸ್‌ಮಸ್ ದಿನ ಬಿಡುಗಡೆ ಮಾಡಿಸಿ, ಶ್ವೇತಭವನಕ್ಕೂ ಬರಮಾಡಿಕೊಂಡರು. ಸೆರೆವಾಸದಿಂದ ಕುಂದಿದ ಆರೋಗ್ಯ ಮತ್ತೆ ಸುಧಾರಿಸಲಿಲ್ಲ. 1926ರ ಅಕ್ಟೋಬರ್ 20ರಂದು ಡೆಬ್ಸ್ ತೀರಿಕೊಂಡರು.

ಅವರು ಗೆದ್ದ ಹೋರಾಟಗಳು ಕಡಿಮೆ. ಆದರೆ ಕಾರ್ಮಿಕ ವಿವಾದಗಳಲ್ಲಿ ತಡೆಯಾಜ್ಞೆಯ ಬಳಕೆಗೆ 1932ರ ನಾರಿಸ್–ಲಾಗ್ವಾರ್ಡಿಯಾ ಕಾಯಿದೆ ಕಡಿವಾಣ ಹಾಕಿತು. ಸಂಘ ಕಟ್ಟಿ ಒಟ್ಟಾಗಿ ಮಾತುಕತೆ ನಡೆಸುವ ಹಕ್ಕನ್ನು 1935ರ ವ್ಯಾಗ್ನರ್ ಕಾಯಿದೆ ರಕ್ಷಿಸಿತು. ಡೆಬ್ಸ್ ಯಾವುದಕ್ಕಾಗಿ ಮೊದಲ ಬಾರಿ ಸೆರೆಮನೆ ಸೇರಿದರೋ ಅದನ್ನು ದೇಶದ ಕಾನೂನು ಒಪ್ಪಿಕೊಳ್ಳಲು ಸುಮಾರು ನಾಲ್ಕು ದಶಕಗಳು ಬೇಕಾದವು. ಒಬ್ಬ ಮನುಷ್ಯನ ಸೋಲನ್ನು ಅವನ ಜೀವಿತದ ಅವಧಿಯೊಳಗೇ ಅಳೆಯಬಾರದೆಂಬುದೇ ಈ ಬದುಕಿನಿಂದ ನಾನು ಪಡೆದ ತಿಳಿವು.