ಹಕ್ಕಿಯ ಹಂಬಲದಿಂದ ಹುಟ್ಟಿದ ಕ್ಯಾಮೆರಾ

ಹಳೆಯ ಯಂತ್ರವನ್ನು ಕೊಂಡವನು ಅದನ್ನು ಮಾಡಿದವನ ಬಾಳನ್ನೂ ಅರಿಯುವುದು ಲೇಸು. ವಿಲ್ಸನ್ ಗಾರ್ಡನ್ನಿನ ನನ್ನ ಮನೆಗೆ ಯಾರೋ ಬಳಸಿದ್ದ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ, ಹಾಸೆಲ್‌ಬ್ಲಾಡ್ ೫೦೦ಸಿ, ಬಂದ ಮೇಲೆ ನಾನು ಮೊದಲು ಅರಸಿದ್ದು ವಿಕ್ಟರ್ ಹಾಸೆಲ್‌ಬ್ಲಾಡನ ಚರಿತ್ರೆಯನ್ನು.

ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ, ಕೊಡಕ್ ಸಾಮಗ್ರಿ ಮಾರುತ್ತಿದ್ದ ವರ್ತಕರ ಮನೆತನದಲ್ಲಿ ೧೯೦೬ರಲ್ಲಿ ಹುಟ್ಟಿದ ಆತನಿಗೆ ಎಳವೆಯಿಂದಲೂ ಹಕ್ಕಿಗಳ ಹುಚ್ಚು. ೧೮ರ ಪ್ರಾಯದಲ್ಲಿ ಡ್ರೆಸ್ಡನ್ನಿಗೆ ಹೋಗಿ ಕ್ಯಾಮೆರಾದ ಕಸುಬು ಕಲಿತನು. ೧೯೩೫ರಲ್ಲಿ ವಲಸೆಹಕ್ಕಿಗಳ ಪುಸ್ತಕವೊಂದನ್ನು ಪ್ರಕಟಿಸಿದನು. ತಂದೆಯೊಡನೆ ಮನಸ್ತಾಪವಾಗಿ, ೧೯೩೭ರಲ್ಲಿ ಸ್ವಂತ ಅಂಗಡಿ ತೆರೆದನು. ೧೯೪೦ರಲ್ಲಿ ವಾಯುಪಡೆಯವರು ಕೈಗೆ ಸಿಕ್ಕ ಜರ್ಮನ್ ಕ್ಯಾಮೆರಾವೊಂದನ್ನು ತೋರಿಸಿ ಅಂಥದನ್ನು ಕೇಳಿದರು. ಮಾಡಿಕೊಟ್ಟನು, ಆದರೆ ಆತನ ಮನಸ್ಸು ನೆಟ್ಟಿದ್ದುದು ಹಕ್ಕಿಯ ಹಿಂದೆ ಹೊತ್ತೊಯ್ಯಬಲ್ಲ ಕ್ಯಾಮೆರಾದ ಮೇಲೆ.

೧೯೪೮ರಲ್ಲಿ ಅದು ನ್ಯೂಯಾರ್ಕಿನಲ್ಲಿ ಬೆಳಕು ಕಂಡಿತು. ಲೆನ್ಸು, ಒಡಲು, ಫಿಲ್ಮಿನ ಡಬ್ಬಿ ಮೂರನ್ನೂ ಕಳಚಬಹುದು. ಒಂದು ಸುರುಳಿಗೆ ೬ ಸೆಂಟಿಮೀಟರ್ ಚೌಕದ ೧೨ ಚಿತ್ರಗಳು. ಜನ ಮೆಚ್ಚಿದರು, ಆದರೆ ಒಡಲೊಳಗಿನ ಷಟರ್ ಪದೇ ಪದೇ ಕೆಟ್ಟಿತು. ಆತನು ಕೈಬಿಡಲಿಲ್ಲ. ೧೯೫೭ರಲ್ಲಿ ಷಟರನ್ನು ಲೆನ್ಸಿನೊಳಗಿಟ್ಟು ೫೦೦ಸಿಯನ್ನು ಹೊರತಂದನು. ೧೯೬೯ರಲ್ಲಿ ಅದರ ಮೋಟಾರು ರೂಪವೊಂದು ಚಂದ್ರನ ನೆಲವನ್ನು ಮುಟ್ಟಿತು. ೧೯೭೮ರಲ್ಲಿ ಆತನು ತೀರಿಕೊಂಡನು.

ಇಂಥ ಕ್ಯಾಮೆರಾವನ್ನು ಕೊಳ್ಳುವ ಹೊಸಬನು ಷಟರನ್ನು ೧ ಸೆಕೆಂಡಿಗೆ ಇಟ್ಟು ಕಿವಿಗೊಡಬೇಕು. ನಡುವೆ ತಡವರಿಸಿದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆಯೆಂದು ತಿಳಿಯಬೇಕು. ಸನ್ನೆ ತಿರುಗಿಸಿ ಷಟರನ್ನು ಸಜ್ಜುಗೊಳಿಸದೆ ಲೆನ್ಸನ್ನು ಕಳಚಬಾರದು. ಹನ್ನೆರಡೇ ಚಿತ್ರಗಳೆಂಬುದನ್ನು ಕೊರತೆಯೆಂದು ಬಗೆಯಲೂಬಾರದು. ಹಕ್ಕಿಗಾಗಿ ಕಾದವನ ಯಂತ್ರವು ಕಾಯಬಲ್ಲವನಿಗೇ ಒಲಿಯುತ್ತದೆ.