ಜಾನ್ ಪೋಸ್ಟೆಲ್ ಬರೆದಿಟ್ಟ ಸೀಟುಗಳು

ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಮುಕ್ಕುಂದದ ಬಸ್ ಬಂದು ನಿಲ್ಲೋ ಮೊದಲೇ ಕಿಟಕಿಯಿಂದ ಟವೆಲ್ ಒಳಗೆ ಬಿದ್ದಿರುತ್ತೆ. ಟವೆಲ್ ಯಾರದೋ ಸೀಟು ಅವರದು. ನಮ್ಮ ಲ್ಯಾಬಿನ ಲಿನಕ್ಸ್ ಸಿಸ್ಟಂ ಬೂಟ್ ಆಗುವಾಗಲೂ ಇದೇ ಕಥೆ. ಅಪಾಚೆ, ಎಂಜಿನ್‌ಎಕ್ಸ್ ಎರಡನ್ನೂ ಎನೇಬಲ್ ಮಾಡಿಟ್ಟರೆ ಮೊದಲು ಎದ್ದದ್ದಕ್ಕೆ 80ನೇ ಪೋರ್ಟ್. ಇನ್ನೊಂದು, ವಿಳಾಸ ಆಗಲೇ ಬಳಕೆಯಲ್ಲಿದೆ ಅಂತ ಲಾಗಿನಲ್ಲಿ ಗೊಣಗಿ ಮಲಗುತ್ತೆ. ಇಂಥ ಜಗಳ ದಿನಾ ಆಗದಿರೋಕೆ ಕಾರಣ, ಮೇಲ್‌ಗೆ 25, ವೆಬ್‌ಗೆ 80 ಅಂತ ಸೀಟುಗಳನ್ನು ಮೊದಲೇ ಬರೆದಿಟ್ಟಿರೋದು. ಆ ಪಟ್ಟಿಯನ್ನು 26 ವರ್ಷ ಕಾಪಾಡಿದವರು ಜಾನ್ ಪೋಸ್ಟೆಲ್.

ಹುಟ್ಟಿದ್ದು 1943ರ ಆಗಸ್ಟ್ 6, ಕ್ಯಾಲಿಫೋರ್ನಿಯಾದಲ್ಲಿ. ಓದಿದ್ದು ನಮ್ಮ ಹಾಗೆ ಎಂಜಿನಿಯರಿಂಗ್. ಉದ್ದ ಗಡ್ಡ, ಕಾಲಿಗೆ ಚಪ್ಪಲಿ. ಪ್ಲೇಸ್‌ಮೆಂಟ್ ದಿನ ನಮ್ಮನ್ನು ಆ ವೇಷದಲ್ಲಿ ಒಳಗೆ ಬಿಡಲಿಕ್ಕಿಲ್ಲ. 1969ರಲ್ಲಿ ಅರ್ಪಾನೆಟ್ ಶುರುವಾದಾಗ ಅವರು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ. 1972ರ ಮಾರ್ಚಿನಲ್ಲಿ ವಿಂಟ್ ಸರ್ಫ್ ಜೊತೆ ಸೇರಿ, ಯಾರ್ಯಾರು ಯಾವ ನಂಬರ್ ಬಳಸ್ತಿದ್ದೀರಿ ತಿಳಿಸಿ ಅಂತ ಎಲ್ಲ ಕೇಂದ್ರಗಳನ್ನೂ ಕೇಳಿದರು. ಮೇ ತಿಂಗಳಲ್ಲಿ ಇನ್ನೊಂದು ಹೆಜ್ಜೆ: ನಂಬರ್ ಹಂಚೋಕೆ ಒಬ್ಬ ಯಜಮಾನ ಬೇಕು, ಬೇಕಾದರೆ ತಾನೇ ಆಗಬಹುದು ಅಂತ ಸೂಚಿಸಿದರು. ಆಗ ವಯಸ್ಸು 28, ಪಿಎಚ್‌ಡಿ ಇನ್ನೂ ಮುಗಿದಿರಲಿಲ್ಲ.

ಅಲ್ಲಿಂದ ಅದೇ ಕೆಲಸ. ಟಿಸಿಪಿ, ಐಪಿ ದಾಖಲೆಗಳನ್ನು 1981ರಲ್ಲಿ ಸಂಪಾದಿಸಿದ್ದೂ ಅವರೇ. ನಂಬರ್ ಬೇಕಾದವರು ಒಂದು ಮೇಲ್ ಹಾಕಿದರೆ ಸಾಕಿತ್ತು. 1995ರಲ್ಲಿ ಫಿನ್ಲೆಂಡಿನ ಟಾಟು ಯೂಲೆನೆನ್ ತಮ್ಮ ಹೊಸ ಎಸ್‌ಎಸ್‌ಎಚ್‌ಗೆ 22 ಕೇಳಿದರು. ಎಫ್‌ಟಿಪಿಯ 21ಕ್ಕೂ ಟೆಲ್ನೆಟ್‌ನ 23ಕ್ಕೂ ನಡುವೆ ಅದು ಖಾಲಿ ಇತ್ತು. ಪೋಸ್ಟೆಲ್ ಜೊತೆ ಕೆಲಸ ಮಾಡುತ್ತಿದ್ದ ಜಾಯ್ಸ್ ರೆನಾಲ್ಡ್ಸ್ ಮರುದಿನವೇ ಕೊಟ್ಟುಬಿಟ್ಟರು. ಫೀಸಿಲ್ಲ, ಸಹಿ-ಸೀಲಿಲ್ಲ!

ಆದರೆ ಪಟ್ಟಿ ಬರೀ ಒಪ್ಪಂದ. ಕರ್ನಲ್ ಅದನ್ನು ಓದಿ ಸೀಟು ಕಾಯಲ್ಲ. ಪ್ರಿಂಟರ್ ಸರ್ವಿಸ್ ಕಪ್ಸ್‌ಗೆ 631 ಅಂತ ಬರೆದಿದೆ. ಬೂಟ್ ಆಗುವಾಗ ಯಾವುದೋ ಆರ್‌ಪಿಸಿ ಸರ್ವಿಸ್, 1024ರ ಒಳಗೆ ಖಾಲಿ ಕಂಡ ಪೋರ್ಟ್ ಹಿಡಿಯೋ ಚಾಳಿಯಲ್ಲಿ, 631ರ ಮೇಲೆ ಟವೆಲ್ ಹಾಕಿಬಿಡ್ತಿತ್ತು. ಆಮೇಲೆ ಬಂದ ಕಪ್ಸ್‌ಗೆ ಜಾಗ ಇಲ್ಲ. ಎಲ್ಲ ಬೂಟ್‌ನಲ್ಲೂ ಹೀಗಾಗಲ್ಲ, ಹಾಗಾಗಿ ಹಿಡಿಯೋದೂ ಕಷ್ಟ. ಕೊನೆಗೆ ಬೂಟ್‌ನ ಆರಂಭದಲ್ಲೇ ಸೀಟು ಕಾದಿಟ್ಟು, ನಿಜವಾದ ಮಾಲೀಕ ಬಂದಾಗ ಬಿಟ್ಟುಕೊಡೋಕೆ ಪೋರ್ಟ್‌ರಿಸರ್ವ್ ಅಂತ ಬೇರೆ ಪ್ರೋಗ್ರಾಮೇ ಬರೆಯಬೇಕಾಯ್ತು.

ಪೋಸ್ಟೆಲ್ ಅಧಿಕಾರವೂ ಇಂಥದ್ದೇ, ಜನ ಒಪ್ಪಿದಷ್ಟು ದಿನ. 1998ರ ಜನವರಿಯಲ್ಲಿ ಎಂಟು ರೂಟ್ ಸರ್ವರ್‌ಗಳನ್ನು ತಮ್ಮ ಕಡೆ ತಿರುಗಿಸಲು ಹೇಳಿದರು, ನಡೆಸುವವರು ತಿರುಗಿಸಿದರು. ಅಮೆರಿಕ ಸರ್ಕಾರ ಗರಂ ಆಯ್ತು. ಅದು ಪರೀಕ್ಷೆ ಅಂತ ಹೇಳಿ ಮೊದಲಿನಂತೆ ಮಾಡಿಸಿದರು. ಪರೀಕ್ಷೆ ಅಂದ್ರೆ ನಮಗಂತೂ ಪೂರ್ತಿ ನಂಬಿಕೆ ಬರಲ್ಲ. ಅದೇ ವರ್ಷ ಅಕ್ಟೋಬರ್ 16ರಂದು, ಹೃದಯದ ಆಪರೇಷನ್ ನಂತರದ ತೊಂದರೆಯಿಂದ ತೀರಿಕೊಂಡರು. ವಯಸ್ಸು 55.

ಲ್ಯಾಬಿನ ಯಾವ ಲಿನಕ್ಸ್ ಸಿಸ್ಟಂನಲ್ಲಾದರೂ ಇಟಿಸಿ ಡೈರೆಕ್ಟರಿಯ ಸರ್ವಿಸಸ್ ಫೈಲ್ ತೆರೆದರೆ ಆ ಪಟ್ಟಿಯ ಒಂದು ತುಂಡು ಸಿಗುತ್ತೆ. ಮುಂದಿನ ಸಲ ಸರ್ವಿಸ್ ಏಳದಿದ್ದರೆ ಎಸ್‌ಎಸ್ ಕಮಾಂಡಿನಲ್ಲಿ ಟವೆಲ್ ಯಾರದು ನೋಡಿ, ಆಮೇಲೆ ಈ ಫೈಲಿನಲ್ಲಿ ಸೀಟು ಯಾರದು ನೋಡಿ.