ಕಟ್ಟಿದ ಮೇಲೂ ಕಾದವರು

2023ರ ಸೆಪ್ಟೆಂಬರ್ 23ರ ಬೆಳಗಿನ ಜಾವ ನಾಗಪುರದಲ್ಲಿ ಸುರಿದ ಮಳೆಗೆ ಅಂಬಾಝರಿ ಕೆರೆ ಕೋಡಿ ಬಿದ್ದು, ನಾಗ್ ನದಿ ಉಕ್ಕಿ, ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಆ ಕೆರೆಯ ಹತ್ತಿರದಲ್ಲೇ ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಇದೆ. 1960ರಲ್ಲಿ, ಅವರು ಇನ್ನೂ ಬದುಕಿದ್ದಾಗಲೇ, ಅವರ ಹೆಸರಿನಲ್ಲಿ ಶುರುವಾದ ಕಾಲೇಜು ಅದು. ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಇಲ್ಲಿಗೆ ಬಂದ ಮಂಡ್ಯ ಜಿಲ್ಲೆಯವನಾದ ನನಗೆ ಆ ಬೋರ್ಡು ಕಂಡಾಗಲೆಲ್ಲ ಊರಿನವರೊಬ್ಬರು ಸಿಕ್ಕಂತಾಗುತ್ತದೆ.

ನಮ್ಮ ಕಡೆ ಅವರೆಂದರೆ ಕನ್ನಂಬಾಡಿ ಕಟ್ಟೆ. ಆದರೆ ಕನ್ನಂಬಾಡಿಗೆ ಮೊದಲೇ, ಕಟ್ಟಿದ್ದನ್ನು ನಡೆಸುವುದು ಹೇಗೆ ಎಂಬ ಪ್ರಶ್ನೆಗೆ ಅವರು ಉತ್ತರ ಹುಡುಕಿದ್ದು ಇದೇ ಮಹಾರಾಷ್ಟ್ರದಲ್ಲಿ.

ಮುದ್ದೇನಹಳ್ಳಿಯ ಹುಡುಗ ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ಓದಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ನಾಸಿಕ್, ಖಾನ್‌ದೇಶ್, ಸಿಂಧ್‌ನ ಸುಕ್ಕೂರು, ಸೂರತ್ ಎಲ್ಲ ಸುತ್ತಿ ಪುಣೆಗೆ ಬಂದಾಗ ಅಲ್ಲಿನ ನಾಲೆಗಳ ಜವಾಬ್ದಾರಿ ಅವರ ಹೆಗಲಿಗೆ ಬಿತ್ತು.

ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯ ಊರಿಗೆ ಕುಡಿಯುವ ನೀರನ್ನೂ ಕೊಡಬೇಕಿತ್ತು, ಹೊಲಗಳಿಗೂ ಹರಿಸಬೇಕಿತ್ತು. ನಮ್ಮ ನಾಗಪುರಕ್ಕೂ ಸುತ್ತಲಿನ ರೈತರಿಗೂ ಈಗ ಪೆಂಚ್ ನೀರು ಇರುವ ಹಾಗೆ. ಮಳೆಗಾಲದಲ್ಲಿ ನೀರು ಕೋಡಿ ಮೇಲೆ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ಸಾಲುತ್ತಿರಲಿಲ್ಲ. ಕಟ್ಟೆಯನ್ನೇ ಎತ್ತರಿಸುವ ಬದಲು ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದರು. 1903ರ ಹೊತ್ತಿಗೆ ಅವು ಕೆಲಸ ಶುರುಮಾಡಿದವು. ಹಳೆಯ ಕಟ್ಟೆಯಲ್ಲೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ನೀರು ಗೊತ್ತುಪಡಿಸಿದ ಮಟ್ಟ ಮುಟ್ಟಿದರೆ ಗೇಟು ತಾನಾಗಿ ತೆರೆಯುತ್ತಿತ್ತು, ಪ್ರವಾಹ ಇಳಿದರೆ ತಾನಾಗಿ ಮುಚ್ಚುತ್ತಿತ್ತು. ನಡುರಾತ್ರಿ ಮಳೆ ಬಂದರೂ ಯಾರೂ ಓಡಿ ಬಂದು ಎತ್ತಬೇಕಿರಲಿಲ್ಲ.

ಗೇಟಿಗಿಂತ ಕಷ್ಟದ್ದು ನಾಲೆಯ ಕೆಳಗಿನ ಜಗಳ. ನೀರಾ ನಾಲೆಯ ಮೇಲ್ಭಾಗದವರು ಬೇಕಾದಷ್ಟು ನೀರು ಕಟ್ಟಿ ಕಬ್ಬು ಬೆಳೆಯುತ್ತಿದ್ದರು. ಅಲ್ಲಿ ಭೂಮಿ ಜೌಗಾಗುತ್ತಿತ್ತು, ಕೊನೆಯವರ ಹೊಲ ಒಣಗುತ್ತಿತ್ತು. ಇದಕ್ಕೆ ಅವರು ಕಂಡುಕೊಂಡದ್ದು ಬ್ಲಾಕ್ ಪದ್ಧತಿ. ಒಂದೊಂದು ಹಳ್ಳಿಯ ಜಮೀನನ್ನು ಬ್ಲಾಕುಗಳಾಗಿ ಗುರುತಿಸುವುದು, ಅದರ ಒಂದು ಪಾಲಿಗೆ ಮಾತ್ರ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ, ವರ್ಷ ವರ್ಷ ಪಾಲು ಬದಲಾವಣೆ, ಸರದಿಯಂತೆ ನೀರು. ಇದ್ದ ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವ ಲೆಕ್ಕ ಇದು. ಮೊದಲು ರೈತರು ಒಪ್ಪಲಿಲ್ಲ. ಅವರಿಗೆ ತಿಳಿಹೇಳಿ ಒಪ್ಪಿಸಬೇಕಾಯಿತು.

1908ರಲ್ಲಿ ಮುಂಬೈ ನೌಕರಿ ಬಿಟ್ಟರು. ಅದೇ ವರ್ಷ ಮೂಸಿ ನದಿ ಹೈದರಾಬಾದನ್ನು ಕೊಚ್ಚಿತು. ನಿಜಾಮರ ಸರ್ಕಾರ ಕರೆದಾಗ ಹೋಗಿ, ಊರಿನ ಮೇಲ್ಗಡೆ ಪ್ರವಾಹ ತಡೆದು ನಿಲ್ಲಿಸುವ ಜಲಾಶಯಗಳ ಯೋಜನೆ ಕೊಟ್ಟರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು. 1911ರಲ್ಲಿ ಶುರುವಾದ ಕನ್ನಂಬಾಡಿ ಪೂರ್ತಿಯಾಗಲು ಎರಡು ದಶಕ ಹಿಡಿಯಿತು. ಅಲ್ಲಿಗೂ ಅವರ ಗೇಟುಗಳು ಬಂದವು. ಇರ್ವಿನ್ ನಾಲೆಯ ಅಚ್ಚುಕಟ್ಟಿಗೂ ಅವರು ಬ್ಲಾಕ್ ಪದ್ಧತಿಯನ್ನೇ ಯೋಚಿಸಿದ್ದರು. ಆ ನಾಲೆಗೆ ಮುಂದೆ ಅವರದೇ ಹೆಸರು ಬಂತು. 1955ರಲ್ಲಿ ಭಾರತ ರತ್ನ, 1962ರ ಏಪ್ರಿಲ್ 14ರಂದು ನಿಧನ.

ನಮ್ಮ ಜಮೀನು ಆ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ಕಟ್ಟು ನೀರು ಬಿಟ್ಟಾಗ ಅಪ್ಪ ರಾತ್ರಿ ಟಾರ್ಚು ಹಿಡಿದು ತೂಬಿನ ಬಳಿ ಕಾಯುತ್ತಾರೆ. ಮೇಲಿನವರ ಗದ್ದೆ, ಕಬ್ಬು ಎಲ್ಲ ಕುಡಿದು ಮಿಕ್ಕ ನೀರು ಹೂಳು, ಜೊಂಡು ದಾಟಿಕೊಂಡು ಬರಬೇಕು. ಕೆಲವು ಸಲ ಬರುವಷ್ಟರಲ್ಲಿ ಸರದಿಯೇ ಮುಗಿದಿರುತ್ತದೆ. ಅಣೆಕಟ್ಟೆ ತುಂಬಿದ ದಿನ ಎಲ್ಲರೂ ಫೋಟೊ ಕಳಿಸುತ್ತಾರೆ. ಅಪ್ಪ ಮಾತ್ರ ನಾಲೆಯಲ್ಲಿ ಹೂಳು ತೆಗೆದರಾ ಎಂದು ವಿಚಾರಿಸುತ್ತಾರೆ.

ನನ್ನ ಕೆಲಸದಲ್ಲೂ ಅಷ್ಟೇ. ಹೊಸ ಸಾಫ್ಟ್‌ವೇರ್ ಬರೆದವರಿಗೆ ಚಪ್ಪಾಳೆ, ಹತ್ತು ವರ್ಷ ಅದು ನಿಲ್ಲದಂತೆ ನೋಡಿಕೊಂಡವರ ಹೆಸರು ಯಾರಿಗೂ ನೆನಪಿರುವುದಿಲ್ಲ. ಪ್ರತಿ ಸೆಪ್ಟೆಂಬರ್ 15ಕ್ಕೆ ಎಂಜಿನಿಯರುಗಳ ದಿನದ ಶುಭಾಶಯ ಬರುತ್ತದೆ, ಜೊತೆಗೆ ಕನ್ನಂಬಾಡಿಯ ಚಿತ್ರ. ಈ ಸಲ ನಾನು ಆ ಚಿತ್ರ ಕಳಿಸುವುದಿಲ್ಲ. ಅಪ್ಪನಿಗೆ ಫೋನ್ ಮಾಡಿ, ನೀರು ಕೊನೆ ತೂಬು ಮುಟ್ಟಿತಾ ಎಂದು ಕೇಳುತ್ತೇನೆ.